ಒಂದೂ ತಪ್ಪದ ಉಪವಾಸ

"ತಗೋ, ಕುಡಿ. ಸಾಕು ನಿನ್ನ ಉಪವಾಸ," ಎಂದು ಅತ್ತೆ ಮಬ್ರೂಕಾ ಹಾಲಿನ ಬಟ್ಟಲನ್ನು ಸೌಸೆನ್ ಮುಂದಿಟ್ಟಳು. ರಂಜಾನಿನ ಇಪ್ಪತ್ತೊಂಬತ್ತನೆಯ ದಿನ. ಕೈರುವಾನ್ ಊರಿನ ಬಿಸಿಲು ಅಂಗಳದಿಂದ ಇನ್ನೂ ಸರಿದಿರಲಿಲ್ಲ. ಹಬ್ಬದ ಮಕ್ರೂದ್ ಮಿಠಾಯಿಗೆಂದು ಖರ್ಜೂರ ನಾದುತ್ತಿದ್ದ ಸೌಸೆನ್ ಕೈ ನಿಲ್ಲಿಸಿದಳು.

"ಸೂರ್ಯ ಮುಳುಗೋಕೆ ಇನ್ನೂ ಮೂರು ಗಂಟೆ ಇದೆಯಲ್ಲ ಅತ್ತೆ!"

"ಬಸುರಿಗೆ ದೇವರೇ ರಿಯಾಯ್ತಿ ಕೊಟ್ಟಿದಾನೆ ಕಣೇ. ನನ್ನ ಕಣ್ಣಿಗೇ ಮಣ್ಣೆರಚ್ತೀಯಾ? ಪ್ರತಿ ರಂಜಾನಲ್ಲೂ ಮುಟ್ಟಾಗಿ ಒಂದು ವಾರ ಉಪವಾಸ ಬಿಡ್ತಿದ್ದೋಳು, ಈ ಸಲ ಒಂದು ದಿನಾನೂ ಬಿಟ್ಟಿಲ್ಲ. ಎಷ್ಟನೇ ತಿಂಗಳು, ಹೇಳು?"

ಸೌಸೆನ್‌ಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಒಳಗೆ ಹೋಗಿ ಮಾತ್ರೆಯ ಪಟ್ಟಿ ತಂದು ತೋರಿಸಿದಳು.

"ಬಸುರಲ್ಲ ಅತ್ತೆ. ಇದು ಮುಟ್ಟು ನಿಲ್ಲಿಸೋ ಮಾತ್ರೆ. ನನಗೆ ಎಂಡೊಮೆಟ್ರಿಯೋಸಿಸ್ ಅಂತ ಕಾಯಿಲೆ ಇದೆ. ಗರ್ಭಕೋಶದ ಒಳಪದರ ಇರುತ್ತಲ್ಲ, ಅಂಥದ್ದೇ ಹೊರಗಡೆ, ಕರುಳಿನ ಹತ್ರ ಎಲ್ಲ ಬೆಳೆದಿದೆ. ತಿಂಗಳು ತಿಂಗಳೂ ಅಲ್ಲೂ ರಕ್ತ ಬರುತ್ತೆ, ಆಚೆ ಹೋಗೋಕೆ ದಾರಿಯಿಲ್ಲ. ಅದಕ್ಕೇ ಆ ನೋವು. ನಿಮ್ಮ ಮಗನಿಗೆ ಗೊತ್ತು."

ಮಬ್ರೂಕಾ ತಲೆಯ ಮೇಲೆ ಕೈ ಹೊತ್ತು ಕುಳಿತಳು. "ಅಯ್ಯೋ, ಪಕ್ಕದ ಮನೆ ಜೊಹ್ರಾಗೆ ಬೆಳಿಗ್ಗೇನೇ ಹೇಳಿಬಿಟ್ನಲ್ಲೇ! ಬಿಸಾಕು ಆ ಮಾತ್ರೆ. ಅದನ್ನ ನುಂಗ್ತಾ ಕೂತ್ರೆ ಮಗು ಆಗೋದು ಯಾವಾಗ?"

"ಬಿಟ್ರೆ ನೋವು ತಿರುಗಿ ಬರುತ್ತೆ. ಮೊದಲು ಇದು ಹತೋಟಿಗೆ ಬರಲಿ, ಮಗುವಿನ ವಿಚಾರ ಆಮೇಲೆ ನೋಡೋಣ ಅಂದಿದಾರೆ ಡಾಕ್ಟರು. ಅತ್ತೆ, ಈ ತಿಂಗಳು ನಾನು ಒಂದು ದಿನವಾದ್ರೂ ಹೊಟ್ಟೆ ಹಿಡ್ಕೊಂಡು ಮಲಗಿದ್ದು ನೋಡಿದ್ರಾ?"

ಮಬ್ರೂಕಾ ನೋಡಿರಲಿಲ್ಲ. ಆರು ವರ್ಷ ಒಲೆಯ ಮುಂದೆ ಮುದುಡಿ ಬೀಳುತ್ತಿದ್ದ ಸೊಸೆಯನ್ನು ಮೈಗಳ್ಳಿ ಎಂದು ಬೀದಿಗೆಲ್ಲ ಸಾರಿದವಳು ಅವಳೇ. ಈ ತಿಂಗಳ ಇಪ್ಪತ್ತೆಂಟು ಸಂಜೆಯೂ ಅದೇ ಸೊಸೆ ಒಬ್ಬಳೇ ನಿಂತು ಮನೆಮಂದಿಗೆಲ್ಲ ಅಡುಗೆ ಮಾಡಿ ಬಡಿಸಿದ್ದಳು. ಮುದುಕಿ ಪಟ್ಟಿಯನ್ನು ಕೈಗೆ ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿದಳು. ಎಲ್ಲಿ ಒಲೆಗೆ ಎಸೆದುಬಿಡುತ್ತಾಳೋ ಎಂದು ಸೌಸೆನ್ ಕೈ ಚಾಚಿದಳು.

ಅಷ್ಟರಲ್ಲಿ ಜೊಹ್ರಾ ಬಾಗಿಲು ತಳ್ಳಿಕೊಂಡೇ ಬಂದಳು. "ಎಲ್ಲಿ ನಮ್ಮ ಬಸುರಿ?"

ಮಬ್ರೂಕಾ ಮಾತ್ರೆಯ ಪಟ್ಟಿಯನ್ನು ಸೊಸೆಯ ಕೈಗಿಟ್ಟು ಎದ್ದಳು.

"ಬಸುರು ಅಂತ ನಾನು ಹೇಳಿದ್ದು ಸುಳ್ಳು ಜೊಹ್ರಾ. ಆರು ವರ್ಷದಿಂದ ಇವಳನ್ನ ಮೈಗಳ್ಳಿ ಅಂತಿದ್ನಲ್ಲ, ಅದೂ ಸುಳ್ಳೇ."