ಘಟಕ ಮುಚ್ಚಿದ ಕಾರಣ

ಕಲ್ಲಿದ್ದಲಿನ ವಿದ್ಯುತ್ ಘಟಕ ಮುಚ್ಚುತ್ತಾರೆಂಬ ಸುದ್ದಿ ಕಿವಿಗೆ ಬಿದ್ದದ್ದೇ ತಡ, ಹುಲಿಗೆಮ್ಮ ಒಂದು ಪೊಟ್ಟಣ ಸಕ್ಕರೆ ಹಿಡಿದು ಎಂಜಿನಿಯರರ ಕಚೇರಿಗೆ ನಡೆದಳು. ಘಟಕದ ಹಾರುಬೂದಿ ಎದೆ ಸೇರಿ ಅವಳ ಒಂಬತ್ತು ವರ್ಷದ ಮಗಳು ಶರಣಮ್ಮ ತೀರಿಕೊಂಡು ಎರಡು ವರ್ಷವಾಗಿತ್ತು. ಘಟಕ ಮುಚ್ಚಿರೆಂದು ಅಂದಿನಿಂದ ಗಂಡ ಬಸ್ಸಣ್ಣ ತಿಂಗಳಿಗೊಂದು ಅರ್ಜಿ ಬರೆಯುತ್ತಿದ್ದ. ಇವಳು ಒಯ್ದು ಕಚೇರಿಯ ಗುಮಾಸ್ತನ ಕೈಗೆ ಕೊಡುತ್ತಿದ್ದಳು.

"ಬಾಯಿ ಸಿಹಿ ಮಾಡ್ಕೋರಿ ಸಾಹೇಬ್ರ. ಕಡೀಗೂ ನಮ್ಮ ಅರ್ಜಿ ಓದಿದ್ರಿ. ಊರಿನ ಉಳಿದ ಮಕ್ಕಳಾರ ಬದುಕ್ತಾವ."

"ಯಾವ ಅರ್ಜಿ, ತಾಯಿ?"

"ನಮ್ಮ ಶರಣಮ್ಮಂದು ರೀ. ಬೂದಿಯಿಂದ ಸತ್ತ ಹುಡುಗಿ."

ಎಂಜಿನಿಯರ್ ಸುಳ್ಳಾಡುವ ಮನುಷ್ಯನಲ್ಲ. ತಲೆ ತಗ್ಗಿಸಿಯೇ ಹೇಳಿದ: "ಅದು ನನಗ ಗೊತ್ತಿಲ್ಲ ತಾಯಿ. ಗಾಳಿ, ಬಿಸಿಲಿನ ಕರೆಂಟು ಈಗ ಅಗ್ಗ ಆಗೇತಿ. ನಮ್ಮದನ್ನ ಕೊಳ್ಳೋರಿಲ್ಲ. ಅದಕ್ಕ ಮುಚ್ಚಾಕತ್ತೀವಿ."

"ಬ್ಯಾರೆ ಕಾರಣ ಏನೂ ಇಲ್ಲೇನ್ರಿ?"

"ಇಲ್ಲ ತಾಯಿ."

ದಾರಿಯುದ್ದಕ್ಕೂ ಅವಳ ಕಣ್ಣೀರು ನಿಲ್ಲಲಿಲ್ಲ. ಓಣಿಯ ತಿರುವಿನಲ್ಲಿ ನಿಂತು ಸೆರಗಿನಿಂದ ಮುಖ ಒರೆಸಿಕೊಂಡಳು. ಬಸ್ಸಣ್ಣ ಬಾಗಿಲಲ್ಲೇ ಕಾಯುತ್ತಿದ್ದ. ಮಗಳು ಹೋದಮೇಲೆ ಅವನ ಮುಖದಲ್ಲಿ ಇಷ್ಟು ಆಸೆಯನ್ನು ಅವಳು ಕಂಡಿರಲಿಲ್ಲ.

"ಏನಂದ್ರು?"

"ನೀ ಬರೆದದ್ದು ಓದಿ ಸಾಹೇಬ್ರು ಅತ್ತುಬಿಟ್ರು," ಎಂದಳು ಹುಲಿಗೆಮ್ಮ. "ಶರಣಮ್ಮನ ಸಲುವಾಗೇ ಮುಚ್ಚಾಕತ್ತೀವಿ ಅಂದ್ರು."