ಮೂರನೇ ಮೇಜಿನ ಓದುಗ

"ಕೊರಳಾಗಿಂದು ತಗಿ," ಎಂದರು ಖಂಡಪ್ಪ.

ಶಿವಕಾಂತನಿಗೆ ಮೊದಲು ತಿಳಿಯಲಿಲ್ಲ. ಮಹಾರಾಷ್ಟ್ರದ ಗಂಗಾಪುರದ ಆ ಕಾಲೇಜಿನ ಲೈಬ್ರರಿಯನ್ನು ಹತ್ತು ವರ್ಷದಿಂದ ಕಾಂಟ್ರ್ಯಾಕ್ಟಿನ ಮೇಲೆ ನೋಡಿಕೊಂಡು ಬಂದವನು ಅವನು. ಅವನ ಕೊರಳ ಕಾರ್ಡಿನ ಮೇಲೆ 'ಗ್ರಂಥಪಾಲ' ಎಂದು ಅಚ್ಚಾಗಿತ್ತು. ಕಾಲೇಜಿನ ಸೆಕ್ರೆಟರಿ ಖಂಡಪ್ಪನವರ ಬೆನ್ನ ಹಿಂದೆ ಅವರ ಕಿರಿಯ ಸೊಸೆ ಮಂಜುಶ್ರೀ ಪೈಠಣಿ ಸೀರೆಯುಟ್ಟು ನಿಂತಿದ್ದಳು. ಅವಳ ಕೊರಳಲ್ಲೂ ಒಂದು ಹೊಸ ಕಾರ್ಡು. ಅದೇ ಹುದ್ದೆ, ಅವಳ ಫೋಟೊ.

"ಕಾಕಾ, ಪೋಸ್ಟ್ ಮಂಜೂರಾದ್ರ ನಂದೇ ಅಂತ ನೀವೇ ಹೇಳಿದ್ರಿ."

"ಹೇಳಿದ್ದೆ. ಇಲ್ಲ ಅಂದೆನೇನು? ಸೊಸಿ ಡಿಗ್ರಿ ಇಟ್ಕೊಂಡು ಮನ್ಯಾಗ ಕುಂತಾಳ. ಆಕಿನ್ನ ಬಿಟ್ಟು ಹೊರಗಿನವರಿಗಿ ಕೊಟ್ರ ನನ್ನ ಮಗ ನನ್ನ ಮಾರಿ ನೋಡ್ತಾನೇನು? ನೀ ಎಲ್ಲಿ ಹೋಗ್ತಿ, ಆಕಿ ಕೈಕೆಳಗ ಇದ್ದೇ ಇರ್ತಿ. ಭಾಲ್ಕಿಯಿಂದ ನಿನ್ನ ಕರ್ಕೊಂಡು ಬಂದವ ನಾನೇ ಅಲ್ಲೇನು ತಮ್ಮಾ?"

ಈ ಹುದ್ದೆಗಾಗಿ ಶಿವಕಾಂತ ಎಂ.ಲಿಬ್ ಮಾಡಿದ್ದ, ಅರ್ಹತೆಯ ಸೆಟ್ ಪರೀಕ್ಷೆ ಪಾಸು ಮಾಡಿದ್ದ. ಸರ್ಕಾರ ಮಾತ್ರ ವರ್ಷಗಟ್ಟಲೆ ಹುದ್ದೆ ತುಂಬಲು ಬಿಡದೆ ಬಾಯಿ ಹೊಲಿದುಕೊಂಡು ಕೂತಿತ್ತು. ಈ ಸಲ ಒಂದೇ ಒಂದು ಜಾಗ ಮಂಜೂರಾಗಿ ಬಂದಿದೆ. ಇವತ್ತು ಕಾಲೇಜು ನೋಡಲು ಬರುವ ಕಮಿಟಿ ಕುರ್ಚಿಯಲ್ಲಿ ಯಾರನ್ನು ಕಾಣುತ್ತದೆಯೋ ಅವರ ಹೆಸರೇ ವರದಿಗೆ ಹೋಗುತ್ತದೆ. ಆಮೇಲಿನ ಸಂದರ್ಶನವೆಲ್ಲ ಬರೀ ಶಾಸ್ತ್ರ. ನಾಸಿಕ್‌ನಲ್ಲಿ ಹೆಣ್ಣು ನೋಡಿ ಬಂದು ಆರು ತಿಂಗಳಾಗಿತ್ತು. ಆ ಹುಡುಗಿಯ ಅಪ್ಪ ಪ್ರತಿ ಫೋನಿನಲ್ಲೂ ಕೇಳುವುದು ಒಂದೇ ಮಾತು: ಪರ್ಮನೆಂಟ್ ಆತೇನ್ರಿ?

ಕಾರ್ಡು ಬಿಚ್ಚಿ ಕೊಟ್ಟ. ಖಂಡಪ್ಪ ಅದನ್ನು ಜೇಬಿಗೆ ಹಾಕಿಕೊಂಡು, ಓದುವ ಮೇಜುಗಳ ಕಡೆ ಕೈ ತೋರಿದರು. "ಮಂದಿ ಕಮ್ಮಿ ಬಿದ್ದಾರ. ನೀನೂ ಒಂದು ಪೇಪರ್ ಹಿಡ್ಕೊಂಡು ಅಲ್ಲಿ ಕೂಡು. ಆಕಿ ಕಣ್ಣಿಗಿ ಬಿದ್ದಂಗ ಇದ್ರ ಆಕಿಗೂ ಧೈರ್ಯ."

ಕಮಿಟಿಗೆ ತೋರಿಸಲು ಸಂಭಾಜಿನಗರದ ಇನ್ನೊಂದು ಕಾಲೇಜಿನಿಂದ ಟೆಂಪೋದಲ್ಲಿ ಪುಸ್ತಕ ಕಡ ತಂದಿದ್ದರು. ಆ ಕಾಲೇಜಿನ ಮುದ್ರೆ ಕಾಣದಂತೆ ಚೀಟಿ ಅಂಟಿಸಿದ್ದು ಶಿವಕಾಂತನೇ. ಪುಸ್ತಕದಂತೆ ಓದುಗರನ್ನೂ ಕ್ಯಾಂಟೀನಿನಿಂದ ಎಬ್ಬಿಸಿ ತಂದು ಕೂರಿಸಲಾಗಿತ್ತು. ಅವರ ನಡುವೆ ಮೂರನೇ ಮೇಜಿನಲ್ಲಿ ಅವನೂ ಹೋಗಿ ಕೂತ.

ಮಂಜುಶ್ರೀ ಅವನ ಕಡೆ ಬಗ್ಗಿ ಮರಾಠಿ ಬೆರೆತ ಮಾತಿನಲ್ಲಿ ಪಿಸುಗುಟ್ಟಿದಳು. "ಅವ್ರು ಕಠಿಣ ಪ್ರಶ್ನ ಕೇಳಿದ್ರ ನಾ ಏನ್ ಸಾಂಗೂ, ಏನ್ ಹೇಳ್ಲಿ ದಾದಾ? ಯಾವ ಪುಸ್ತಕ ಯಾವ ಕಪಾಟಿನ್ಯಾಗ ಅದ, ನನಗ ಅದೂ ಗೊತ್ತಿಲ್ಲ."

"ಕಂಪ್ಯೂಟರಿನ್ಯಾಗ ಎಲ್ಲಾ ಅದರಿ ಅನ್ರಿ ವೈನಿ. ಮುಂದ ಕೇಳಂಗಿಲ್ಲ."

ಹಾಗೇ ಆಯಿತು. ಸ್ವಾಗತದ ಗುಲಾಬಿ ಹಿಡಿದು ಬಂದ ಕಮಿಟಿಯ ಮೂವರಲ್ಲಿ ಇಬ್ಬರು ಕಂಪ್ಯೂಟರ್ ನೋಡಿ ತಲೆದೂಗಿ ಚಹಾದ ಕಡೆ ನಡೆದರು. ನಾಗಪುರದ ವಯಸ್ಸಾದ ಪ್ರೊಫೆಸರೊಬ್ಬರು ಮಾತ್ರ ಮೇಜುಗಳ ನಡುವೆ ನಿಧಾನ ನಡೆದು ಬಂದರು. ಅದೇ ಹೊತ್ತಿಗೆ ಏನೂ ಗೊತ್ತಿಲ್ಲದ ಒಬ್ಬ ಹುಡುಗಿ ಒಳಗೆ ಬಂದು, ಕುರ್ಚಿಯಲ್ಲಿದ್ದ ಮಂಜುಶ್ರೀಯನ್ನು ದಾಟಿ, ನೇರ ಶಿವಕಾಂತನ ಹತ್ತಿರ ನಿಂತಳು.

"ಸರ್, ನಿನ್ನೆ ಹೇಳಿದ ಪುಸ್ತಕ ತೆಗೆದಿಟ್ಟಿದ್ದೀರಾ?"

ಪ್ರೊಫೆಸರರು ತಿರುಗಿದರು. ಖಂಡಪ್ಪ ಅವರಿಗಿಂತ ಬೇಗ ತಿರುಗಿ, ಹಿಂದಿ ಭಾಷೆಗೆ ಹೊರಳಿದರು. "ಇವನು ದಿನಾ ಇಲ್ಲಿ ಓದಲು ಬರ್ತಾನೆ ಸಾಹೇಬ್. ನೌಕರಿ ಪರೀಕ್ಷೆಗೆ. ಸಣ್ಣವರು ಸರ್ ಅಂತಾರೆ, ಅಷ್ಟೇ."

ಪ್ರೊಫೆಸರರು ಶಿವಕಾಂತನ ಎದುರು ಕುರ್ಚಿ ಎಳೆದು ಕೂತರು. "ಈ ಮ್ಯಾಡಮ್ ಲೈಬ್ರರಿ ಸರಿಯಾಗಿ ನೋಡಿಕೊಳ್ತಾರಾ? ನಿಜ ಹೇಳಪ್ಪಾ. ನಿನ್ನ ಹೆಸರು ಎಲ್ಲೂ ಬರೋದಿಲ್ಲ."

ಎರಡು ಮಾತು ಸಾಕಿತ್ತು. ಅವು ನಾಲಿಗೆಯ ತುದಿಗೆ ಬಂದು ನಿಂತಿದ್ದವು. ಆದರೆ ಅವನ ಕಾಂಟ್ರ್ಯಾಕ್ಟು ಮುಗಿಯುವುದು ಇದೇ ತಿಂಗಳು. ಖಂಡಪ್ಪ ಪ್ರೊಫೆಸರರ ಹಿಂದೆ ನಿಂತು, ಮದುವೆಮನೆಯಲ್ಲಿ ತಮ್ಮ ಕಡೆಯ ಹುಡುಗನನ್ನು ನೋಡುವ ಸಲಿಗೆಯಿಂದ ಅವನನ್ನೇ ನೋಡುತ್ತಿದ್ದರು. ಹೇಳಿದರೆ ಇವತ್ತು ಸಂಜೆಗೇ ಬೀದಿ. ಹೇಳದಿದ್ದರೆ ಮಂಜುಶ್ರೀಯ ಕೈಕೆಳಗೆ ಸಾಯುವ ತನಕ.

"ಬಹಳ ಚೆನ್ನಾಗಿ ನೋಡಿಕೊಳ್ತಾರೆ ಸರ್," ಎಂದ ಶಿವಕಾಂತ. "ಕೇಳಿದ ಪುಸ್ತಕ ಕೂಡಲೇ ಸಿಗ್ತದೆ."

"ವಯಸ್ಸೆಷ್ಟು ನಿನಗೆ?"

"ಮೂವತ್ತಾರು."

ಪ್ರೊಫೆಸರರ ಮುಖ ಮೆತ್ತಗಾಯಿತು. ಅವನ ಕೈಯ ಪೇಪರನ್ನು ತಾವೇ ತೆಗೆದು ಮಡಚಿ ಪಕ್ಕಕ್ಕಿಟ್ಟರು. "ಬೇಟಾ, ಈ ಪರೀಕ್ಷೆಯ ಹುಚ್ಚು ಬಿಡು. ಮೂವತ್ತಾರರ ಗಂಡಸು ದಿನವೆಲ್ಲ ಇಲ್ಲಿ ಕೂತಿದ್ದರೆ ಮನೆಯವರು ಏನಂದುಕೊಳ್ಳಬೇಕು?" ಎಂದವರು, ಏಳುತ್ತ ಮಂಜುಶ್ರೀಯ ಕಡೆ ತಿರುಗಿದರು. "ಮ್ಯಾಡಮ್, ಹುಡುಗ ಸಭ್ಯ ಕಾಣ್ತಾನೆ. ಪುಸ್ತಕ ಎತ್ತಿಡೋದಕ್ಕಾದರೂ ಇಟ್ಟುಕೊಳ್ಳಬಹುದಲ್ಲ ನೀವು."

 ಮಂಜುಶ್ರೀ ಕುರ್ಚಿಗೆ ಒರಗಿ, ಶಿವಕಾಂತನನ್ನು ಮೊದಲ ಸಲ ನೋಡುವವಳಂತೆ ಅಡಿಯಿಂದ ಮುಡಿಯವರೆಗೆ ನೋಡಿದಳು.

"ಅರ್ಜಿ ಕೊಟ್ಟು ಹೋಗಲಿ ಸರ್. ನೋಡೋಣ."