ಡೋಲುಗಾರನ ಟೋಪಿ

ಆಕೆ ಮತ್ತೆ ಬಂದಿದ್ದಳು.

ಮೇಷ್ಟ್ರು ಕೆಟ್ಟು ನಿಂತ ಗಡಿಯಾರಗಳ ಕಪಾಟಿನ ಹಿಂದೆ ಸರಿದುಕೊಂಡರು. ಹಳೇ ಸಾಮಾನಿನ ಅಂಗಡಿಯ ಆ ಮೂಲೆಯಿಂದ ಗೊಂಬೆಗಳ ಮೇಜು ಚೆನ್ನಾಗಿ ಕಾಣುತ್ತಿತ್ತು. ಆಕೆ ತಗಡಿನ ಮೋಟಾರುಗಳತ್ತ ಕಣ್ಣೆತ್ತಲಿಲ್ಲ. ಕೀಲಿ ಕೊಟ್ಟರೆ ಕುಣಿಯುವ ಕರಡಿಯೂ ಬೇಕಾಗಲಿಲ್ಲ. ನೇರ ತವರದ ಗೊಂಬೆಗಳ ರಾಶಿಗೆ ಕೈಹಾಕಿ, ಬೆರಳುದ್ದದ ಡೋಲುಗಾರನೊಬ್ಬನನ್ನು ಹೆಕ್ಕಿದಳು. ಕಣ್ಣು ಮುಚ್ಚಿ ಅವನ ಎತ್ತರದ ಟೋಪಿಯ ಮೇಲೆ ಹೆಬ್ಬೆರಳು ಆಡಿಸಿದಳು. ಕಣ್ಣು ತೆರೆದು, ಇದ್ದಲ್ಲೇ ಇಟ್ಟಳು.

ಪಳಗಿದ ಕೈ, ಎಂದುಕೊಂಡರು ಮೇಷ್ಟ್ರು. ಕಪಾಟಿಗೆ ಇನ್ನಷ್ಟು ಒತ್ತಿಕೊಂಡರು.

“ಈ ವಯಸ್ಸಲ್ಲಿ ಗೊಂಬೆ ಹುಚ್ಚು ಹತ್ತಿಸ್ಕೊಂಡಿದ್ದೀರಲ್ಲಮ್ಮ, ಮನೇಲಿ ಬಯ್ಯಲ್ವಾ?” ಅಂಗಡಿಯವನು ನಕ್ಕ.

“ಬಯ್ಯೋಕೆ ಯಾರಿದ್ದಾರೆ?” ಆಕೆಯೂ ನಕ್ಕಳು. “ನಂದೊಂದಿತ್ತು. ಮನೆ ಬದಲಾಯಿಸುವಾಗ ನಮ್ಮಣ್ಣ ಗೊತ್ತಿಲ್ದೆ ಒಂದಿಡೀ ಡಬ್ಬ ಗುಜರಿಗೆ ಹಾಕ್ಬಿಟ್ಟ.”

“ಎಲ್ಲಾ ಒಂದೇ ಅಚ್ಚಿನವು. ನಿಮ್ಮದು ಅಂತ ಹೇಗೆ ಗೊತ್ತಾಗತ್ತೆ?”

“ಕೈಗೆ ಸಿಕ್ಕರೆ ಗೊತ್ತಾಗತ್ತೆ.”

ಆಕೆ ಮೆಟ್ಟಿಲಿಳಿದ ಮೇಲೆ ಅಂಗಡಿಯವನು ಕಪಾಟಿನ ಹಿಂದೆ ಇಣುಕಿದ. “ಹೊರಗೆ ಬನ್ನಿ ಸಾರ್, ಹುಲಿ ಹೋಯ್ತು. ಗುಜರಿಯಿಂದ ಬಂದ ಡಬ್ಬ ನೀವೇ ತಾನೇ ಒಯ್ದದ್ದು? ಹೇಳ್ಬಿಡ್ಲಾ?”

“ಅದರಲ್ಲಿದ್ದದ್ದು ಅವರದ್ದೇ ಅನ್ನೋಕೆ ಏನು ಆಧಾರ? ಸ್ವಲ್ಪ ಬಾಯಿ ಮುಚ್ಕೊಂಡಿರಯ್ಯ.”

ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತರಾದವರು ಮೇಷ್ಟ್ರು. ಆಧಾರವಿಲ್ಲದ ಮಾತು ಅವರಿಗೆ ಹಿಡಿಸುತ್ತಿರಲಿಲ್ಲ. ಆದರೆ ಆ ಮಾತಾಡುವಾಗ ತಮ್ಮ ಕಿವಿ ಬಿಸಿಯಾದದ್ದು ಅವರಿಗೇ ತಿಳಿಯಿತು.

ಅವರ ಗಾಜಿನ ಬೀರುವಿನಲ್ಲಿ ತವರದ ವಾದ್ಯಮೇಳವೊಂದಿತ್ತು. ತುತ್ತೂರಿಯವರು, ಕೊಳಲಿನವರು, ತಾಳದವರು ಎಲ್ಲರೂ ಇದ್ದರು. ನಡುವೆ ಒಂದು ಜಾಗ ಮಾತ್ರ ವರ್ಷಗಟ್ಟಲೆ ಖಾಲಿ. “ಡೋಲೇ ಇಲ್ವಲ್ಲ, ಇವರೆಲ್ಲ ಎಲ್ಲಿಗೆ ಹೊರಟಿದ್ದಾರೆ?” ಎಂದು ಹೆಂಡತಿ ಧೂಳು ಒರೆಸುವಾಗಲೆಲ್ಲ ಅಣಕಿಸುತ್ತಿದ್ದಳು. ಡೋಲು ಸಿಗುವ ಮೊದಲೇ ಅವಳು ಹೊರಟುಹೋದಳು. ಈಗ ಸಿಕ್ಕಿದೆ. ಅದನ್ನು ಬಿಟ್ಟುಕೊಡುವುದೆಂದರೆ ಮೇಷ್ಟ್ರಿಗೆ ಅವಳ ಮಾತಿಗೆ ಉತ್ತರ ಕೊಡುವ ಒಂದೇ ಒಂದು ಅವಕಾಶವನ್ನು ಬಿಟ್ಟುಕೊಟ್ಟಂತೆ.

ಡಬ್ಬದಿಂದ ತೆಗೆದಾಗ ಡೋಲುಗಾರನ ಅವಸ್ಥೆ ನೋಡುವಂತಿರಲಿಲ್ಲ. ಒಂದು ಕೈಯ ಕೋಲು ಮುರಿದಿತ್ತು. ಕೆಂಪು ಅಂಗಿಯ ಬಣ್ಣ ಚಕ್ಕೆಚಕ್ಕೆಯಾಗಿ ಎದ್ದಿತ್ತು. ಟೋಪಿಯಲ್ಲಿ ಗುಳಿಗಳು: ಎರಡು ಅಕ್ಕಪಕ್ಕ, ತುಸು ಜಾಗ ಬಿಟ್ಟು ಇನ್ನೊಂದು. ಮೇಷ್ಟ್ರು ಭೂತಗನ್ನಡಿ ಹಿಡಿದು ನೋಡಿ, ಎರಕ ಹೊಯ್ಯುವಾಗ ಗಾಳಿಗುಳ್ಳೆ ಸಿಕ್ಕಿಕೊಂಡು ಆದ ದೋಷವೆಂದು ತೀರ್ಮಾನಿಸಿದ್ದರು. ತವರ ಬಲು ಮೆದು, ಉಗುರು ತಾಗಿದರೂ ಗೀರು ಬೀಳುತ್ತದೆ. ಹಾಗಾಗಿ ಉಸಿರು ಬಿಗಿಹಿಡಿದು ಕೆಲಸ ಮಾಡಿದರು. ಕೋಲು ಜೋಡಿಸಿದರು. ಗುಳಿಗಳಿಗೆ ಬೆಸುಗೆ ತುಂಬಿ, ನುಣ್ಣಗೆ ಉಜ್ಜಿ, ಹಳೆಯ ಬಣ್ಣಕ್ಕೆ ಕೂದಲೆಳೆಯಷ್ಟೂ ವ್ಯತ್ಯಾಸ ಬಾರದಂತೆ ಹೊಸ ಬಣ್ಣ ಬೆರೆಸಿ ಬಳಿದರು.

ಎಲ್ಲ ಮುಗಿದಿತ್ತು. ಆದರೂ ಊಟ ಸೇರಲಿಲ್ಲ. ಕೊನೆಗೆ ಅವರೇ ಒಂದು ಪರೀಕ್ಷೆ ಗೊತ್ತುಮಾಡಿಕೊಂಡರು. ಆಕೆಯನ್ನು ಕರೆದು ತೋರಿಸುವುದು. ಗುರುತು ಹಿಡಿದರೆ ಮರುಮಾತಿಲ್ಲದೆ ಕೊಟ್ಟುಬಿಡುವುದು. ಹಿಡಿಯದಿದ್ದರೆ ಅದು ತಮ್ಮದು.

ಅಂಗಡಿಯವನ ಮೂಲಕ ಹೇಳಿಕಳಿಸಿದ ಮರುದಿನವೇ ಆಕೆ ಬಂದಳು. ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಸದ್ದಾಗದಂತೆ ಬಂದು ಬೀರುವಿನ ಮುಂದೆ ನಿಂತಳು, ಯಾರೋ ಮಲಗಿರುವ ಕೋಣೆಗೆ ಬಂದವಳಂತೆ. ಮೇಷ್ಟ್ರು ಡೋಲುಗಾರನನ್ನು ಆಕೆಯ ಅಂಗೈಯಲ್ಲಿಟ್ಟರು.

ಆಕೆ ಕಣ್ಣು ಮುಚ್ಚಿದಳು. ಈ ಸಲ ಬೇಗ ಇಡಲಿಲ್ಲ. ಅಂಗೈಯಲ್ಲೇ ತೂಗಿದಳು. ಡೋಲಿನ ಅಂಚು ಸವರಿದಳು. ಆಕೆಯ ಉಸಿರು ನಿಂತದ್ದು ಮೇಷ್ಟ್ರಿಗೆ ಕೇಳಿಸಿತು. ಹೋಯಿತು ನನ್ನ ಗೊಂಬೆ, ಎಂದುಕೊಂಡರು. ಹೆಬ್ಬೆರಳು ಟೋಪಿಗೆ ಏರಿತು. ಒಮ್ಮೆ ಜಾರಿತು. ತಿರುಗಿ ಏರಿ, ಮತ್ತೆ ಜಾರಿತು.

“ಇದಲ್ಲ,” ಎಂದಳು.

“ಸರಿಯಾಗಿ ನೋಡಿದ್ರಾ?”

“ಇದಲ್ಲ ಸಾರ್. ಇದು ತುಂಬ ಚೆನ್ನಾಗಿದೆ. ಯಾವ ಮಗುವೂ ಮುಟ್ಟಿಲ್ಲವೇನೋ ಅನ್ನೋ ಹಾಗಿದೆ.”

ಗೊಂಬೆ ಕೂಡಿಡುವವರಿಗೆ ಇದಕ್ಕಿಂತ ದೊಡ್ಡ ಬಿರುದಿಲ್ಲ. ಮೇಷ್ಟ್ರ ಹೆಗಲು ಹಗುರಾಯಿತು. ಕಾಫಿ ಕುಡಿದೇ ಹೋಗಬೇಕೆಂದು ಒತ್ತಾಯಿಸಿದರು. ಆಕೆ ಬೇಡವೆಂದಳು.

ಬಾಗಿಲಲ್ಲಿ ಚೀಲದಿಂದ ಒಂದು ಕವರು ತೆಗೆದಳು. “ಎಲ್ಲಾದರೂ ನಂದು ಕಣ್ಣಿಗೆ ಬಿದ್ದರೆ ತಿಳಿಸಿ. ಫೋಟೋ ಇದೆ, ಹಿಂದೆ ನಂಬರ್ ಬರೆದಿದ್ದೀನಿ. ಬೇರೆ ಯಾರಿಗೂ ತೋರಿಸಿಲ್ಲ. ನೀವು ಇಷ್ಟು ಜೋಪಾನ ಮಾಡೋರು ಅಂತ ಕೊಡ್ತಿದ್ದೀನಿ.”

ಹೆಜ್ಜೆಸದ್ದು ಮೆಟ್ಟಿಲಿಳಿದು ಬೀದಿ ಸೇರಿತು. ಮೇಷ್ಟ್ರು ಡೋಲುಗಾರನನ್ನು ಖಾಲಿ ಜಾಗದಲ್ಲಿ ನಿಲ್ಲಿಸಿದರು. ಮೇಳ ತುಂಬಿತು. “ನೋಡೇ, ಡೋಲು ಬಂತು,” ಎಂದರು, ಯಾರೂ ಇಲ್ಲದ ಕೋಣೆಯಲ್ಲಿ, ಗಟ್ಟಿಯಾಗಿಯೇ. ಆಮೇಲೆ, ಆಕೆಯದ್ದು ಯಾವ ಅಚ್ಚು ನೋಡೋಣವೆಂದು ಕನ್ನಡಕ ಏರಿಸಿ ಕವರು ಬಿಚ್ಚಿದರು.

ಆಸ್ಪತ್ರೆಯ ಮಂಚ. ತಲೆಗೂದಲೆಲ್ಲ ಉದುರಿದ ಪುಟ್ಟ ಹುಡುಗ. ಅವನ ಮುಂಗೈಗೆ ದಾದಿಯೊಬ್ಬಳು ಸೂಜಿ ಚುಚ್ಚುತ್ತಿದ್ದಾಳೆ. ಅವನು ಅಳು ನುಂಗಿ, ಡೋಲುಗಾರನ ಟೋಪಿಯನ್ನು ಬಿಗಿಯಾಗಿ ಕಚ್ಚಿ ಹಿಡಿದು ಕ್ಯಾಮೆರಾ ನೋಡಿ ನಗುತ್ತಿದ್ದಾನೆ: ಎರಡು ಹಲ್ಲು ಅಕ್ಕಪಕ್ಕ, ಒಂದು ಬಿದ್ದುಹೋದ ಜಾಗ, ಆಮೇಲೆ ಇನ್ನೊಂದು.